ಖಾನೆ ಎಣಿಸಬೇಡಿ, ಹೆಗಲನ್ನು ಕೇಳಿ

ಅಂಗಡಿಗೆ ಹೋಗಿ ಬೆನ್ನಿಗೆ ಹಾಕುವ ಬ್ಯಾಗು ತೋರಿಸಿ ಎಂದರೆ ಮಾರುವವರು ಮೊದಲು ಎಣಿಸುವುದು ಖಾನೆಗಳನ್ನು. ಇದು ಲ್ಯಾಪ್‌ಟಾಪಿಗೆ, ಇದು ಟ್ಯಾಬಿಗೆ, ಇವು ಪೆನ್ನಿಗೆ, ಇಲ್ಲೊಂದು ಕನ್ನಡಕಕ್ಕೆ, ಅಡಿಯಲ್ಲಿ ಶೂಗೆ, ಪಕ್ಕದಲ್ಲಿ ಫೋನ್ ಚಾರ್ಜ್ ಮಾಡಲು ಯುಎಸ್‌ಬಿ ಕಿಂಡಿ. ಒಂದೊಂದಾಗಿ ಜಿಪ್ ಎಳೆದು ತೋರಿಸಿ ಮುಗಿಸುವಷ್ಟರಲ್ಲಿ ಕೊಳ್ಳುವವರಿಗೆ ಆಫೀಸು, ಜಿಮ್, ಊರಿನ ಪ್ರಯಾಣ ಮೂರಕ್ಕೂ ಇದೊಂದೇ ಸಾಕು ಅನ್ನಿಸಿಬಿಟ್ಟಿರುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಮೂರು ಕೆಲಸಕ್ಕೂ ನಿಜವಾಗಿ ಒದಗುವ ಬ್ಯಾಗಿನಲ್ಲಿ ಖಾನೆಗಳು ಕಡಿಮೆ ಇರುತ್ತವೆ. ಶೂಗೆಂದೇ ಹೊಲಿದ ಗೂಡು ಶೂ ಇಲ್ಲದ ದಿನ ಬರೀ ಜಾಗ ತಿನ್ನುತ್ತದೆ. ಯಾವುದಕ್ಕೂ ಮೀಸಲಾಗದ ಖಾಲಿ ಜಾಗ ಸೋಮವಾರ ಟಿಫಿನ್ ಡಬ್ಬಿಯನ್ನೂ ಬುಧವಾರ ಜಿಮ್ ಬಟ್ಟೆಯನ್ನೂ ಶುಕ್ರವಾರ ರಾತ್ರಿ ಎರಡು ದಿನದ ಉಡುಪನ್ನೂ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬ್ಯಾಗನ್ನು ಅಳೆಯಬೇಕಾದದ್ದು ಅದು ಭಾರವನ್ನು ಬೆನ್ನಿನ ಮೇಲೆ ಹೇಗೆ ಕೂರಿಸುತ್ತದೆ, ಹೊಲಿಗೆ ಎಷ್ಟು ಗಟ್ಟಿ, ಒದ್ದೆಯನ್ನೂ ಒಣಗಿದ್ದನ್ನೂ ಬೇರೆ ಇಡುತ್ತದೆಯೇ ಎಂಬ ಮೂರು ಪ್ರಶ್ನೆಗಳಿಂದ.

ಒಂದೇ ವಸ್ತುವನ್ನು ಹತ್ತು ಕೆಲಸಕ್ಕೆ ದುಡಿಸಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಚಳ್ಳಕೆರೆಯ ಕಡೆ ನೇಯುವ ಕುರಿ ಉಣ್ಣೆಯ ಕಂಬಳಿಯನ್ನು ನೋಡಿ. ಕುರಿಗಾಹಿಗೆ ರಾತ್ರಿ ಅದೇ ಹಾಸಿಗೆ, ಚಳಿಗೆ ಅದೇ ಹೊದಿಕೆ, ಮಳೆ ಬಂದರೆ ಮಡಚಿ ತಲೆಯ ಮೇಲೆ ಹಾಕಿಕೊಂಡರೆ ಕೊಪ್ಪೆ, ಬೇಕಾದಾಗ ಗಂಟು ಕಟ್ಟಿ ಹೆಗಲಿಗೇರಿಸುವ ಜೋಳಿಗೆ. ಅದರಲ್ಲಿ ಒಂದು ಜೇಬೂ ಇಲ್ಲ, ಒಂದು ಗುಂಡಿಯೂ ಇಲ್ಲ. ಅದನ್ನು ಅಷ್ಟು ಕೆಲಸಕ್ಕೆ ಒಗ್ಗಿಸಿದ್ದು ಆ ಸರಳತೆ ಮತ್ತು ಉಣ್ಣೆಯ ಗುಣ. ಇಂದಿನ ಬ್ಯಾಗಿಗೂ ಇದೇ ನ್ಯಾಯ. ಬಟ್ಟೆ, ಹೊಲಿಗೆ, ಪಟ್ಟಿ ಚೆನ್ನಾಗಿದ್ದರೆ ಉಳಿದದ್ದನ್ನು ಬಳಸುವವರೇ ಹೊಂದಿಸಿಕೊಳ್ಳುತ್ತಾರೆ.

ಮೊದಲು ಗಾತ್ರ. ಚೀಟಿಯ ಮೇಲಿನ ಲೀಟರ್ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಬ್ಯಾಗಿನ ಹಿಡಿತವನ್ನು ಅಳೆಯಲು ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್ 2153 ಎಂಬ ಮಾನದಂಡವಿದೆ. ಸಣ್ಣ ಪ್ಲಾಸ್ಟಿಕ್ ಗುಂಡುಗಳನ್ನು ತುಂಬಿ, ಅವು ಹಿಡಿದ ಜಾಗವನ್ನು ಲೆಕ್ಕ ಹಾಕುವ ಕ್ರಮ ಅದು. ಎಲ್ಲ ತಯಾರಕರೂ ಹಾಗೆಯೇ ಅಳೆಯುತ್ತಾರೆಂದಿಲ್ಲ. ಒಬ್ಬರು ಹೊರಗಿನ ಬಾಟಲಿ ಜೇಬನ್ನೂ ಸೇರಿಸುತ್ತಾರೆ, ಇನ್ನೊಬ್ಬರು ಉದ್ದ ಅಗಲ ಆಳ ಗುಣಿಸಿ ಬರೆದುಬಿಡುತ್ತಾರೆ. ಹಾಗಾಗಿ ನಮ್ಮ ಸಾಮಾನಿನಿಂದಲೇ ಲೆಕ್ಕ ಶುರುವಾಗಬೇಕು. 14 ಇಂಚಿನ ಲ್ಯಾಪ್‌ಟಾಪ್ ಸುಮಾರು 32 ಸೆಂ.ಮೀ. ಉದ್ದ, 22 ಅಗಲ, 2 ದಪ್ಪ. ಒಂದೂವರೆ ಲೀಟರಿನೊಳಗೇ ಮುಗಿಯಿತು. ಎರಡು ಅಂತಸ್ತಿನ ಡಬ್ಬಿ ಎರಡು ಲೀಟರ್ ಹಿಡಿಯುತ್ತದೆ. ಚಾರ್ಜರ್, ಛತ್ರಿ, ನೋಟ್‌ಬುಕ್ ಸೇರಿ ಇನ್ನೆರಡು. ಜಾಗ ನುಂಗುವುದು ಶೂ. ಒಂಬತ್ತನೇ ಅಳತೆಯ ಒಂದು ಜೊತೆ ಓಟದ ಶೂ, ಒಂದಕ್ಕೊಂದು ಮಗುಚಿ ಇಟ್ಟರೂ, ಐದು ಲೀಟರ್ ಮೀರುತ್ತದೆ. ಟವೆಲ್ ಮತ್ತು ಜಿಮ್ ಬಟ್ಟೆಗೆ ನಾಲ್ಕು. ಒಟ್ಟು ಹದಿನೈದರ ಆಸುಪಾಸು. ಸಾಮಾನಿನ ನಡುವೆ ಉಳಿಯುವ ಸಂದುಗಳಿಗೂ ಊರಿಗೆ ಹೋಗುವ ದಿನದ ಬಟ್ಟೆಗೂ ಇನ್ನೊಂದು ಹತ್ತು ಸೇರಿಸಿದರೆ 25 ಲೀಟರ್. ಹೆಚ್ಚಿನವರಿಗೆ 22ರಿಂದ 28 ಲೀಟರ್‌ಗಳ ನಡುವೆ ಉತ್ತರ ಸಿಕ್ಕಿಬಿಡುತ್ತದೆ. ನಲವತ್ತು ಲೀಟರಿನದು ಪ್ರವಾಸಕ್ಕೆ ಚೆನ್ನ, ಆದರೆ ದಿನನಿತ್ಯ ಅದನ್ನು ಹೊತ್ತರೆ ಖಾಲಿ ಜಾಗ ಸುಮ್ಮನಿರುವುದಿಲ್ಲ. ಬೇಡದ್ದೂ ಒಂದೊಂದಾಗಿ ಒಳಗೆ ಸೇರಿಕೊಳ್ಳುತ್ತದೆ, ವಾರ ಕಳೆದರೂ ಹೊರಗೆ ಬರುವುದಿಲ್ಲ.

ಇನ್ನು ತೂಕ. ಮಕ್ಕಳ ಶಾಲಾ ಬ್ಯಾಗಿನ ಭಾರದ ಬಗ್ಗೆ ನಾವು ಸಾಕಷ್ಟು ಚರ್ಚೆ ಮಾಡಿದ್ದೇವೆ. ಕರ್ನಾಟಕ ಸರ್ಕಾರ 2019ರಲ್ಲಿ ತರಗತಿವಾರು ಮಿತಿ ನಿಗದಿ ಮಾಡಿತು. ಒಂದು ಮತ್ತು ಎರಡನೇ ತರಗತಿಗೆ ಹೆಚ್ಚೆಂದರೆ 2 ಕೆ.ಜಿ., ಒಂಬತ್ತು ಮತ್ತು ಹತ್ತಕ್ಕೆ 5 ಕೆ.ಜಿ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೂ ಮಗುವಿನ ತೂಕದ ಶೇ. 10ನ್ನು ಮೀರಬಾರದು ಎಂದಿತು. ದೊಡ್ಡವರ ಬ್ಯಾಗನ್ನು ಮಾತ್ರ ಯಾರೂ ತಕ್ಕಡಿಗೆ ಹಾಕುವುದಿಲ್ಲ. ಹಾಕಿ ನೋಡೋಣ. ಲ್ಯಾಪ್‌ಟಾಪ್ ಒಂದೂವರೆ ಕೆ.ಜಿ., ಚಾರ್ಜರ್ 400 ಗ್ರಾಂ, ತುಂಬಿದ ಒಂದು ಲೀಟರಿನ ಸ್ಟೀಲ್ ಬಾಟಲಿ 1.3 ಕೆ.ಜಿ., ಊಟದ ಡಬ್ಬಿ ಒಂದು ಕೆ.ಜಿ., ಛತ್ರಿ, ಕೀಲಿ, ಪವರ್ ಬ್ಯಾಂಕ್ ಸೇರಿ ಅರ್ಧ ಕೆ.ಜಿ. ಅಲ್ಲಿಗೇ 4.7. ಶೂ, ಟವೆಲ್, ಬಟ್ಟೆ ಸೇರಿದರೆ ಆರು ದಾಟುತ್ತದೆ. ಬ್ಯಾಗಿನ ಸ್ವಂತ ತೂಕ ಇನ್ನೂ ಬಾಕಿ. ಸರಳವಾಗಿ ಹೊಲಿದ 25 ಲೀಟರಿನ ಬ್ಯಾಗು 700 ಗ್ರಾಂ ತೂಗಿದರೆ, ಎಲ್ಲೆಡೆ ಜಿಪ್, ಫೋಮ್, ಅಡ್ಡಗೋಡೆ ಸೇರಿಸಿದ್ದು ಒಂದೂಕಾಲು, ಒಂದೂವರೆ ಕೆ.ಜಿ.ಗೆ ಹೋಗುತ್ತದೆ. ಈ ವ್ಯತ್ಯಾಸ ಒಂದು ಜೊತೆ ಶೂ ತೂಕದಷ್ಟು. ಖಾನೆಗಳಿಗೆ ಹಣ ಕೊಡುವುದು ಒಂದೇ ಸಲ, ಅವುಗಳನ್ನು ಹೊರುವುದು ದಿನಾ. ಶೇ. 10ರ ಮಿತಿ ಬೆಳೆಯುವ ಮಕ್ಕಳಿಗಾಗಿ ಮಾಡಿದ್ದು, ವಯಸ್ಕರಿಗೆ ಅದನ್ನೇ ಅನ್ವಯಿಸಬೇಕಿಲ್ಲ, ನಿಜ. ಆದರೂ 60 ಕೆ.ಜಿ. ತೂಕದವರು ಏಳು ಕೆ.ಜಿ. ಹೊತ್ತು ಬಸ್ಸಿನಲ್ಲಿ ಮುಕ್ಕಾಲು ಗಂಟೆ ನಿಲ್ಲುವುದು ಹಗುರ ವಿಷಯವಲ್ಲ.

ಅದೇ ಏಳು ಕೆ.ಜಿ. ಒಂದು ಬ್ಯಾಗಿನಲ್ಲಿ ಹಗುರ, ಇನ್ನೊಂದರಲ್ಲಿ ಭಾರ ಅನ್ನಿಸುವುದುಂಟು. ಬಾವಿಯಿಂದ ನೀರು ತರುವ ಹೆಂಗಸರು ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುತ್ತಾರೆ. ಅದೇ ಕೊಡವನ್ನು ಕೈ ಚಾಚಿ ಮೈಯಿಂದ ದೂರ ಹಿಡಿದರೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ನೀರು ಅಷ್ಟೇ ಇದೆ, ದೂರ ಹೆಚ್ಚಾಗಿದೆ. ಬ್ಯಾಗಿನ ಭಾರದ ಕೇಂದ್ರ ಬೆನ್ನುಮೂಳೆಯಿಂದ 10 ಸೆಂ.ಮೀ. ಇದ್ದದ್ದು 20 ಸೆಂ.ಮೀ.ಗೆ ಸರಿದರೆ ಹಿಂದಕ್ಕೆ ಜಗ್ಗುವ ಬಲದ ಪರಿಣಾಮ ಎರಡರಷ್ಟಾಗುತ್ತದೆ. ಮೈ ಅದನ್ನು ಸರಿದೂಗಿಸಲು ಮುಂದಕ್ಕೆ ಬಾಗುತ್ತದೆ, ಕುತ್ತಿಗೆ ಇನ್ನಷ್ಟು ಮುಂದೆ ಚಾಚುತ್ತದೆ, ಸಂಜೆಯ ಹೊತ್ತಿಗೆ ಭುಜದ ಮೇಲ್ಭಾಗ ಕಲ್ಲಾಗುತ್ತದೆ. ಹಾಗಾಗಿ ಲ್ಯಾಪ್‌ಟಾಪಿನ ಖಾನೆ ಬೆನ್ನಿಗೆ ತಾಗಿಕೊಂಡೇ ಇರಬೇಕು. ಅದು ಬ್ಯಾಗಿನ ಮಧ್ಯದಲ್ಲೋ ಮುಂಭಾಗದಲ್ಲೋ ಇದ್ದರೆ ಉಳಿದ ಗುಣ ಏನೇ ಇರಲಿ, ಆ ಬ್ಯಾಗನ್ನು ಬಿಡಬಹುದು. 18 ಸೆಂ.ಮೀ.ಗಿಂತ ಆಳವಾಗಿ ಉಬ್ಬುವ ದುಂಡು ಬ್ಯಾಗಿಗಿಂತ ಎತ್ತರವಾಗಿ ಚಪ್ಪಟೆಯಾಗಿ ನಿಲ್ಲುವುದು ಮೇಲು. 48 ಸೆಂ.ಮೀ. ಎತ್ತರ, 30 ಅಗಲ, 18 ಆಳ ಇದ್ದರೆ 26 ಲೀಟರ್ ಹತ್ತಿರ ಬರುತ್ತದೆ. ಜಾಗಕ್ಕೂ ಕೊರತೆಯಿಲ್ಲ, ಬೆನ್ನಿಗೂ ದೂರವಿಲ್ಲ.

ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಲ್ಲಿ ಎರಡು ಬದಿಯ ಬಟ್ಟೆ ಒಂದಕ್ಕೊಂದು ತಾಗಿದರೆ ಒಳಗಿರುವುದು ಮೆತ್ತನೆಯ ಸ್ಪಂಜು. ಅಂಗಡಿಯಲ್ಲಿ ಹಿತವಾಗಿರುತ್ತದೆ, ಕೆಲವೇ ತಿಂಗಳಲ್ಲಿ ಹಪ್ಪಳವಾಗುತ್ತದೆ. ಸ್ವಲ್ಪ ಬಿಗಿಯಾಗಿ ಎದುರೊತ್ತುವ ಫೋಮ್ ಬಾಳಿಕೆ ಬರುತ್ತದೆ. ಆರು ಸೆಂ.ಮೀ. ಅಗಲದ ಪಟ್ಟಿ ಸಾಕು. ಎರಡೂ ಪಟ್ಟಿಗಳನ್ನು ಸೇರಿಸುವ ಎದೆಪಟ್ಟಿ ಇದ್ದರೆ ಇಳಿಭುಜದವರಿಗೆ ದೊಡ್ಡ ಉಪಕಾರ, ಅದನ್ನು ಮೇಲೆ ಕೆಳಗೆ ಸರಿಸುವಂತಿರಬೇಕು. ಹೆಣ್ಣುಮಕ್ಕಳಿಗೆ ನೇರ ಪಟ್ಟಿಗಿಂತ ಒಳಕ್ಕೆ ಬಾಗಿದ ಪಟ್ಟಿ ಸರಿಹೋಗುತ್ತದೆ, ಎತ್ತರ ಕಡಿಮೆ ಇರುವವರು ಬ್ಯಾಗಿನ ತಳ ಸೊಂಟದಿಂದ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ದಪ್ಪ ಸೊಂಟಪಟ್ಟಿ ಬೆಟ್ಟ ಹತ್ತುವವರ ದೊಡ್ಡ ಬ್ಯಾಗಿಗೆ ಬೇಕೇ ಬೇಕು, ಆರೇಳು ಕೆ.ಜಿ.ಯ ದಿನಬಳಕೆಗೆ ಅದರ ಅಗತ್ಯವಿಲ್ಲ.

ಲ್ಯಾಪ್‌ಟಾಪ್ ಖಾನೆಗೆ ಇನ್ನೊಂದು ಸಣ್ಣ ಪರೀಕ್ಷೆಯಿದೆ. ಲ್ಯಾಪ್‌ಟಾಪನ್ನು ಒಳಗಿಟ್ಟು ಬ್ಯಾಗಿನ ತಳವನ್ನು ಹೊರಗಿನಿಂದ ಅಂಗೈಯಲ್ಲಿ ಒತ್ತಿ ನೋಡಿ. ಅಂಚು ಕೈಗೆ ತಾಗಿದರೆ, ನೆಲಕ್ಕೆ ಬ್ಯಾಗು ಇಳಿಸಿದಾಗಲೆಲ್ಲ ಆ ಮೂಲೆಗೆ ಪೆಟ್ಟು ಬೀಳುತ್ತದೆ ಎಂದೇ ಅರ್ಥ. ಒಳ್ಳೆಯ ಹೊಲಿಗೆಯಲ್ಲಿ ಆ ಖಾನೆ ತಳಕ್ಕಿಂತ ಎರಡು ಮೂರು ಸೆಂ.ಮೀ. ಮೇಲೆಯೇ ನಿಂತು ತೂಗುತ್ತಿರುತ್ತದೆ. ಸುತ್ತಲೂ ಎಷ್ಟು ಫೋಮ್ ಹಾಕಿದ್ದರೂ ಈ ಎರಡು ಬೆರಳ ಅಂತರಕ್ಕೆ ಸಮನಾಗದು.

ಖಾನೆ ಕಡಿಮೆ ಇರಲಿ ಎಂದೆನಲ್ಲ, ಅದಕ್ಕೊಂದು ವಿನಾಯಿತಿ ಇದೆ. ಜಿಮ್ಮಿಗೆ ಹೋಗುವವರಿಗೆ ಒದ್ದೆ ಬಟ್ಟೆಗೆ ಪ್ರತ್ಯೇಕ ಜಾಗ ಬೇಕೇ ಬೇಕು. ಬೆವರಿಗೆ ಹೊರಬಂದ ಕ್ಷಣದಲ್ಲಿ ಅಷ್ಟು ವಾಸನೆ ಇರುವುದಿಲ್ಲ. ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತಾ ಹೋದಂತೆ ನಾತ ಹುಟ್ಟುತ್ತದೆ. ಗಾಳಿಯಾಡದ, ಬೆಚ್ಚಗಿನ, ಒದ್ದೆ ಜಾಗ ಅವುಗಳಿಗೆ ಹೇಳಿ ಮಾಡಿಸಿದಂಥದ್ದು. ಮೇಲಾಗಿ ಪಾಲಿಯೆಸ್ಟರ್ ಬಟ್ಟೆ ಹತ್ತಿಗಿಂತ ಹೆಚ್ಚು ವಾಸನೆ ಹಿಡಿದಿಟ್ಟುಕೊಳ್ಳುತ್ತದೆ, ಜಿಮ್ ಬಟ್ಟೆಯೂ ಬ್ಯಾಗೂ ಸಾಮಾನ್ಯವಾಗಿ ಪಾಲಿಯೆಸ್ಟರೇ. ಹಾಗಾಗಿ ಆ ಖಾನೆಗೆ ಒಳಗಡೆ ನೀರು ಬಿಡದ ಗೋಡೆ, ಹೊರಗಡೆ ಗಾಳಿಯಾಡುವ ಜಾಲರಿ ಅಥವಾ ತೂತುಗಳು ಬೇಕು. ಹೆಚ್ಚಿನ ಕಡೆ ಗೋಡೆ ಇರುತ್ತದೆ, ಜಾಲರಿ ಇರುವುದಿಲ್ಲ. ಆ ಗೋಡೆ ಗಟ್ಟಿ ಹಲಗೆಯಂತೆ ನಿಲ್ಲದೆ, ಖಾಲಿ ಇದ್ದಾಗ ಮಡಚಿ ಮಲಗುವ ತೆಳು ಬಟ್ಟೆಯದಾಗಿರಬೇಕು. ಆಗ ಜಿಮ್ ಇಲ್ಲದ ದಿನ ಆ ಜಾಗ ದೊಡ್ಡ ಖಾನೆಗೆ ಮರಳುತ್ತದೆ. ಇಷ್ಟೂ ಇದ್ದರೂ ಮನೆಗೆ ಬಂದ ತಕ್ಷಣ ಬಟ್ಟೆ ಹೊರತೆಗೆದು, ಖಾನೆಯ ಬಾಯಿ ತೆರೆದಿಡುವ ಅಭ್ಯಾಸ ಬೇಕು.

ಪ್ರಯಾಣದ ವಿಷಯ ಸುಲಭ. ಬ್ಯಾಗು ಸೂಟ್‌ಕೇಸಿನಂತೆ ಮೂರು ಬದಿಯಿಂದ ಪೂರ್ತಿ ತೆರೆಯುವಂತಿದ್ದರೆ ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ ಮಬ್ಬು ಬೆಳಕಿನಲ್ಲಿ ಕೂತು ಎಲ್ಲವನ್ನೂ ಹೊರಗೆ ಸುರಿಯುವ ಗತಿ ಬರುವುದಿಲ್ಲ. ವಿಮಾನದಲ್ಲಿ ಇಂಡಿಗೊ ಒಳಬಿಡುವ ಕೈಚೀಲದ ಅಳತೆ 55, 35, 25 ಸೆಂ.ಮೀ., ತೂಕ 7 ಕೆ.ಜಿ. ನಮ್ಮ 26 ಲೀಟರಿನ ಬ್ಯಾಗು ಅಳತೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ತೂಕದ ಮೇಲೆ ಮಾತ್ರ ಕಣ್ಣಿಡಬೇಕು.

ಬಟ್ಟೆಗೆ ಬರೋಣ. ಚೀಟಿಯಲ್ಲಿ 600ಡಿ, 900ಡಿ, 1000ಡಿ ಎಂದೆಲ್ಲ ಬರೆದಿರುತ್ತದೆ. ಈ ‘ಡಿ’ ಅಂದರೆ ಡೀನಿಯರ್. ರಾಮನಗರ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರಿಗೆ ಇದು ನಿತ್ಯದ ಮಾತು. ಕಚ್ಚಾ ರೇಷ್ಮೆಯನ್ನು 20/22 ಡೀನಿಯರ್ ಎಂದು ಗುರುತಿಸಿಯೇ ವ್ಯಾಪಾರ ಮಾಡುವುದು. 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೀನಿಯರ್. ಅಂದರೆ ಅದು ಎಳೆಯ ದಪ್ಪ ಹೇಳುತ್ತದೆ, ಗಟ್ಟಿತನವನ್ನು ನೇರವಾಗಿ ಹೇಳುವುದಿಲ್ಲ. 420 ಡೀನಿಯರ್ ನೈಲಾನ್, 600 ಡೀನಿಯರ್ ಪಾಲಿಯೆಸ್ಟರಿಗೆ ಸವೆತದಲ್ಲಿ ಸರಿಸಾಟಿಯಾಗಿ ನಿಲ್ಲಬಲ್ಲದು. ಪಾಲಿಯೆಸ್ಟರಿಗೂ ಒಂದು ಗುಣವಿದೆ, ಬಿಸಿಲಿಗೆ ನೈಲಾನಿಗಿಂತ ಚೆನ್ನಾಗಿ ತಾಳುತ್ತದೆ. ದಿನಾ ಬೈಕಿನಲ್ಲಿ ಬಿಸಿಲಿಗೆ ಮೈಯೊಡ್ಡುವ ಬ್ಯಾಗಿಗೆ ಅದು ಕಡಿಮೆ ಲಾಭವಲ್ಲ. ಬಟ್ಟೆಯ ಒಳಮೈಗೆ ಬಳಿದಿರುವ ಪಾಲಿಯುರೆಥೇನ್ ಲೇಪ ನೀರನ್ನು ತಡೆಯುತ್ತದೆ, ಆದರೆ ಅದಕ್ಕೆ ಸೆಕೆ ಮತ್ತು ತೇವವೇ ಶತ್ರು. ಮಂಗಳೂರು, ಕಾರವಾರದಂಥ ಊರುಗಳಲ್ಲಿ ಕೆಲವು ಮಳೆಗಾಲ ಕಂಡ ಬ್ಯಾಗಿನ ಒಳಮೈ ಅಂಟಂಟಾಗಿ, ಆಮೇಲೆ ಹೊಟ್ಟಿನಂತೆ ಉದುರುವುದಕ್ಕೆ ಇದೇ ಕಾರಣ. ಬ್ಯಾಗನ್ನು ಒದ್ದೆಯಾಗಿಯೇ ಕಪಾಟಿಗೆ ತುರುಕದೆ ನೆರಳಿನಲ್ಲಿ ಆರಿಸಿದರೆ ಲೇಪದ ಆಯಸ್ಸು ಹೆಚ್ಚುತ್ತದೆ.

ಮಳೆಯ ಬಗ್ಗೆ ಇನ್ನೂ ಒಂದು ಮಾತು. ಬಟ್ಟೆಯಲ್ಲಿ ನೀರು ಇಳಿಯದಿದ್ದರೂ ಸೂಜಿ ಚುಚ್ಚಿದ ಪ್ರತಿ ರಂಧ್ರದಲ್ಲೂ, ಜಿಪ್ಪಿನ ಸಂದಿನಲ್ಲೂ ಇಳಿಯುತ್ತದೆ. ಮೇಲೆ ಹೊದಿಸುವ ಕವರ್ ಮುಂಭಾಗವನ್ನು ಕಾಯುತ್ತದೆ. ಬೆನ್ನಿನ ಬದಿ ತೆರೆದೇ ಇರುತ್ತದೆ, ಜಾಕೆಟ್ಟಿನ ಮೇಲಿಂದ ಹರಿದ ನೀರು ನೇರ ಲ್ಯಾಪ್‌ಟಾಪ್ ಖಾನೆಯತ್ತ ಹೋಗುತ್ತದೆ. ಬೆಂಗಳೂರಿನ ಸೆಪ್ಟೆಂಬರ್ ಸಂಜೆಯ ಮಳೆಯಲ್ಲಿ ಸ್ಕೂಟರ್ ಓಡಿಸುವವರು ಕವರಿನ ಜೊತೆಗೆ ಲ್ಯಾಪ್‌ಟಾಪಿಗೆ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲವನ್ನೂ ಇಟ್ಟುಕೊಳ್ಳುವುದು ಕ್ಷೇಮ.

ಬಟ್ಟೆ ಹರಿದು ಹಾಳಾದ ಬ್ಯಾಗು ಅಪರೂಪ. ಬ್ಯಾಗು ಸಾಯುವುದು ಎರಡು ಜಾಗದಲ್ಲಿ: ಹೆಗಲ ಪಟ್ಟಿ ಬ್ಯಾಗಿಗೆ ಕೂಡುವ ಬುಡದಲ್ಲಿ ಮತ್ತು ಜಿಪ್ಪಿನಲ್ಲಿ. ಪಟ್ಟಿಯ ಬುಡವನ್ನು ಎರಡು ಕೈಯಲ್ಲಿ ಹಿಡಿದು ಎಳೆದಾಗ ದಾರದ ತೂತುಗಳು ಬಾಯಿ ಬಿಟ್ಟರೆ ಆ ಬ್ಯಾಗು ಬೇಡ. ಅಲ್ಲಿ ಚೌಕದೊಳಗೆ ಗುಣಾಕಾರದ ಗುರುತು ಬರುವಂತೆ ಹೊಲಿದಿರಬೇಕು, ಅಥವಾ ಒತ್ತೊತ್ತಾಗಿ ಹತ್ತಾರು ಬಾರಿ ಹಿಂದೆ ಮುಂದೆ ಓಡಿದ ಅಡ್ಡ ಹೊಲಿಗೆ ಕಾಣಬೇಕು. ಆಮೇಲೆ ಬ್ಯಾಗಿನ ಒಳಗನ್ನು ಹೊರಗೆ ಮಾಡಿ ನೋಡಿ. ಬಟ್ಟೆಯ ಕತ್ತರಿಸಿದ ಅಂಚಿಗೆ ಪಟ್ಟಿ ಸುತ್ತಿ ಹೊಲಿದಿದ್ದರೆ ದಾರ ಬಿಚ್ಚಿಕೊಳ್ಳುವುದಿಲ್ಲ. ಅಂಚು ಹಾಗೇ ನೂಲುನೂಲಾಗಿದ್ದರೆ ವರ್ಷದೊಳಗೆ ಸಂದು ಬಿಡುತ್ತದೆ. ಜಿಪ್ಪಿನ ರನ್ನರ್ ಹಿಂಬದಿಯಲ್ಲಿ 5, 8, 10 ಎಂಬ ಅಂಕಿ ಇರುವುದುಂಟು, ಅದು ಹೆಚ್ಚುಕಡಿಮೆ ಮುಚ್ಚಿದ ಹಲ್ಲಿನ ಅಗಲ ಎಷ್ಟು ಮಿಲಿಮೀಟರ್ ಎಂಬುದರ ಸೂಚನೆ. ದೊಡ್ಡ ಖಾನೆಗೆ 8 ಅಥವಾ 10 ಇರಲಿ, ಸಣ್ಣ ಜೇಬಿಗೆ 5 ಸಾಕು. 1934ರಲ್ಲಿ ಜಪಾನಿನಲ್ಲಿ ತದಾವೊ ಯೋಶಿದಾ ಶುರು ಮಾಡಿದ ವೈಕೆಕೆ ಕಂಪನಿಯ ಅಕ್ಷರಗಳು ರನ್ನರ್ ಮೇಲಿದ್ದರೆ ತಯಾರಕರು ಜಿಪ್ಪಿನಲ್ಲಿ ಕಾಸು ಉಳಿಸಿಲ್ಲ ಎನ್ನಬಹುದು, ಆದರೆ ಆ ಅಕ್ಷರಗಳ ನಕಲೂ ಓಡಾಡುತ್ತದೆ. ಜಿಪ್ ಹಾಕಿದ ಮೇಲೂ ಹಿಂದಿನಿಂದ ಬಾಯಿ ಬಿಡುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಹಲ್ಲಿನದಲ್ಲ, ಸವೆದು ಸಡಿಲವಾದ ರನ್ನರಿನದು. ಬ್ಯಾಗ್ ರಿಪೇರಿಯವರು ರನ್ನರ್ ಒಂದನ್ನೇ ಬದಲಿಸಿ ಕೊಡುತ್ತಾರೆ. ಅಷ್ಟಕ್ಕೇ ಬ್ಯಾಗನ್ನೇ ಎಸೆಯುವುದು ದೊಡ್ಡ ನಷ್ಟ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಖಾನೆ ಇಲ್ಲದಿದ್ದರೆ ಎಲ್ಲವೂ ಒಂದೇ ಗುಡ್ಡೆಯಾಗಿ ಕೀಲಿಗಾಗಿ ಕೈಯಾಡಿಸುತ್ತಾ ನಿಲ್ಲಬೇಕಾಗುತ್ತದೆ ಎಂಬುದು. ಸರಿಯಾದ ಮಾತೇ. ಆದರೆ ಇದಕ್ಕೆ ನಮ್ಮ ಹಿರಿಯರ ಎಲೆಅಡಿಕೆ ಚಂಚಿಯಲ್ಲಿ ಉತ್ತರವಿದೆ. ಎಲೆಗೆ, ಅಡಿಕೆಗೆ, ಸುಣ್ಣದ ಡಬ್ಬಿಗೆ, ಚಿಲ್ಲರೆಗೆ ಪದರ ಪದರವಾಗಿ ಹೊಲಿದ ಆ ಪುಟ್ಟ ಚೀಲ ಸೊಂಟದಲ್ಲೂ ಇರುತ್ತಿತ್ತು, ದೊಡ್ಡ ಗಂಟಿನೊಳಗೂ ಹೋಗುತ್ತಿತ್ತು. ಸಣ್ಣ ಸಾಮಾನಿನ ಶಿಸ್ತು ಸಣ್ಣ ಚೀಲದಲ್ಲಿರಲಿ. ಚಾರ್ಜರ್, ವೈರುಗಳಿಗೆ ಒಂದು ಪೌಚ್, ಸೋಪು ಬ್ರಷ್ಷಿಗೆ ಒಂದು. ಬೇಡದ ದಿನ ಅವು ಮನೆಯಲ್ಲೇ ಉಳಿಯುತ್ತವೆ, ಬ್ಯಾಗಿಗೆ ಹೊಲಿದ ಖಾನೆಯನ್ನು ಹಾಗೆ ಬಿಟ್ಟು ಹೋಗಲಾಗದು. ಕೀಲಿಗೂ ಫೋನಿಗೂ ಹೊರಗೊಂದು ಜೇಬು, ಪಕ್ಕದಲ್ಲಿ ಬಾಟಲಿಗೆ ಆಳವಾದ ಜೇಬು, ಇಷ್ಟನ್ನು ನಾನೂ ಬೇಡವೆನ್ನುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೂರು ಕೆಲಸಕ್ಕೆ ಮೂರು ಬ್ಯಾಗು ಇಟ್ಟುಕೊಂಡರೆ ಪ್ರತಿಯೊಂದೂ ತನ್ನ ಕೆಲಸದಲ್ಲಿ ಮೇಲಾಗಿರುತ್ತದೆ, ಒಂದನ್ನೇ ಎಲ್ಲದಕ್ಕೂ ಬಳಸಿದರೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸೋಲುತ್ತೇವೆ ಎಂಬುದು. ಕಾರಿನಲ್ಲಿ ಓಡಾಡುವವರಿಗೆ, ದಿನಾ ಈಜುವವರಿಗೆ, ಬ್ಯಾಡ್ಮಿಂಟನ್ ರಾಕೆಟ್ ಹೊರುವವರಿಗೆ ಇದು ನಿಜ. ಅವರಿಗೆ ಎರಡು ಬ್ಯಾಗೇ ಸರಿ. ಆದರೆ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಮೆಟ್ರೋ ಹತ್ತಿ, ಆಫೀಸು ಮುಗಿಸಿ, ಅಲ್ಲಿಂದಲೇ ಜಿಮ್ಮಿಗೆ ಹೋಗಿ ರಾತ್ರಿ ಮರಳುವವರಿಗೆ ನಡುವೆ ಬ್ಯಾಗು ಬದಲಿಸುವ ಜಾಗವೇ ಇಲ್ಲ. ಅವರು ಮೂರು ಬ್ಯಾಗು ಕೊಂಡರೂ ಹೊರುವುದು ಒಟ್ಟಿಗೇ. ಈ ಲೇಖನ ಅವರಿಗಾಗಿ.

ಬೆಲೆಯ ಮಾತೂ ಇದೆ. ಒಳ್ಳೆಯ ಹೊಲಿಗೆಯ ಬ್ಯಾಗು ದುಬಾರಿ ಎನ್ನುತ್ತಾರೆ. 4000 ರೂಪಾಯಿಯದು ಐದು ವರ್ಷ, ವರ್ಷಕ್ಕೆ 250 ದಿನ ದುಡಿದರೆ ದಿನಕ್ಕೆ 3 ರೂಪಾಯಿ 20 ಪೈಸೆ. 1200ರದ್ದು ಒಂದೇ ವರ್ಷಕ್ಕೆ ಪಟ್ಟಿ ಕಿತ್ತುಕೊಂಡರೆ ದಿನಕ್ಕೆ 4 ರೂಪಾಯಿ 80 ಪೈಸೆ. ಹಾಗೆಂದು ಬೆಲೆ ಹೆಚ್ಚಿದ್ದೆಲ್ಲ ಗಟ್ಟಿ ಎಂದಲ್ಲ. ಎಷ್ಟೋ ಸಲ ಹೆಚ್ಚಿನ ಬೆಲೆ ಹೋಗಿರುವುದು ಹೆಸರಿಗೆ ಮತ್ತು ಖಾನೆಗಳಿಗೆ. ಒಂದು ಸಾವಿರದ ಬ್ಯಾಗಿನಲ್ಲೂ ಪಟ್ಟಿಯ ಬುಡ ಗಟ್ಟಿಯಿದ್ದು, ಅಂಚು ಕಟ್ಟಿದ್ದು, ಲ್ಯಾಪ್‌ಟಾಪ್ ಬೆನ್ನಿಗೆ ಕೂರುವಂತಿದ್ದರೆ ಸಂಶಯಪಡದೆ ಅದನ್ನೇ ಕೊಳ್ಳಬಹುದು.

ಬ್ಯಾಗು ಕೊಳ್ಳಲು ಹೊರಟಿದ್ದರೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಲ್ಯಾಪ್‌ಟಾಪ್, ತುಂಬಿದ ಬಾಟಲಿ, ಡಬ್ಬಿ, ಶೂ ಎಲ್ಲವನ್ನೂ ಹಳೆಯ ಬ್ಯಾಗಿನಲ್ಲಿ ಹೊತ್ತುಕೊಂಡೇ ಅಂಗಡಿಗೆ ಹೋಗಿ. ಇಷ್ಟವಾದ ಬ್ಯಾಗಿಗೆ ಅವನ್ನೆಲ್ಲ ತುಂಬಿ, ಪಟ್ಟಿ ಬಿಗಿದು, ಅಂಗಡಿಯೊಳಗೆ ಹತ್ತು ನಿಮಿಷ ಓಡಾಡಿ, ಎರಡು ಮೆಟ್ಟಿಲು ಹತ್ತಿ ಇಳಿಯಿರಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲೇ, ಚೀಟಿ ಕೀಳದೆ, ಇದೇ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ. ಹತ್ತು ನಿಮಿಷದಲ್ಲಿ ಭುಜ ಉರಿದರೆ ಮರಳಿಸಿಬಿಡಿ.